ಸಾಹೇಬರಿಗೆ ಕೊಟ್ಟ ಕಷಾಯ

ಸಾಹೇಬರಿಗೆ ಕಷಾಯ ನೆತ್ತಿಗೇರಬಹುದು; ಪಿತ್ತ ಕೆರಳಬಹುದು; ಬಿಸಿ ಲೋಟ ಕೈಜಾರಿ ಪ್ಯಾಂಟಿನ ಮೇಲೆ ಬೀಳಬಹುದು; ಅದರ ಜೊತೆಗೆ ನನ್ನ ವರ್ಗಾವಣೆಯ ಅರ್ಜಿಯೂ ಬಿದ್ದುಹೋಗಬಹುದು. ಅವರು ನಮ್ಮ ಸಾಗರದ ಮನೆಗೆ ಬರುತ್ತಾರೆಂದು ಗೊತ್ತಾದಾಗಿನಿಂದ ನಾನು ಕಲ್ಪಿಸಿಟ್ಟ ಅನಾಹುತಗಳು ಇಷ್ಟೇ ಅಲ್ಲ. ಚಿಂತೆ ನನ್ನ ಕಸುಬು, ಬ್ಯಾಂಕಿನ ಕೆಲಸ ಉಪಕಸುಬು. ಆ ಕೆಲಸವಿರುವುದು ಹಿನ್ನೀರಿನಾಚೆಯ ತುಮರಿಯಲ್ಲಿ. ಹಿನ್ನೀರು ದಾಟಲು ಲಾಂಚಿದ್ದಾಗ ಅದು ಮುಳುಗೀತೆಂದು ಹೆದರುತ್ತಿದ್ದೆ. ಸೇತುವೆಯಾದ ಮೇಲೆ, ಅಷ್ಟುದ್ದದ ಸೇತುವೆಯ ನಟ್ಟನಡುವೆ ಸ್ಕೂಟರ್ ಕೆಟ್ಟರೆ ಏನು ಗತಿ ಎಂದು ಹೆದರುತ್ತೇನೆ. ಹಾಗಾಗಿ ಸಾಗರಕ್ಕೆ ವರ್ಗ ಬೇಕಿತ್ತು. ಅದಕ್ಕೆ ಬ್ಯಾಂಕಿನ ಮೇಲಧಿಕಾರಿಗಳಾದ ಈ ಸಾಹೇಬರ ಶಿಫಾರಸು ಬೇಕಿತ್ತು.

ಸಾಹೇಬರು ಮೈಸೂರು ಕಡೆಯವರು. ಮಲೆನಾಡಿಗೆ ಬಂದಾಗಿನಿಂದ ಕೆಮ್ಮುತ್ತಲೇ ಇದ್ದರು. ನಮ್ಮ ಮನೆಗೆ ಬಂದು ಕೂತದ್ದೇ ತಡ, ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಕಷಾಯ ಅಡ್ಡಿಲ್ಯಾ?" ಎಂದಳು. ಸಾಹೇಬರು ಗಾಬರಿಯಾದರು. "ಅಯ್ಯೋ, ಔಷಧಿ ಎಲ್ಲಾ ಬೇಡಮ್ಮಾ, ಡಾಕ್ಟರ್ ಹತ್ರ ತೋರಿಸ್ತಿದ್ದೀನಿ!" ಅಮ್ಮ ನನ್ನ ಕಡೆ ತಿರುಗಿದಳು. "ಮದ್ದಲ್ದೋ ಮಾರಾಯ, ಆಸರಿಗೆ ಹೇಳು ಅವ್ಕೆ!"

ಆಸರಿಗೆ ಎಂದರೆ ಬಂದವರ ಬಾಯಾರಿಕೆಗೆ. ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಹುರಿದು ಪುಡಿಮಾಡಿ, ಹಾಲು ಬೆಲ್ಲ ಹಾಕಿ ಕುದಿಸಿದರೆ ಅದು ಉಪಚಾರ. ಅದೇ ಮೆಣಸನ್ನು ಉಪ್ಪಿನ ಜೊತೆ ವೀಳ್ಯದೆಲೆಯಲ್ಲಿ ಸುತ್ತಿ ಜಗಿದರೆ ಗಂಟಲಿಗೆ ಮದ್ದು. ಜೇನಿನಲ್ಲಿ ಕಲಸಿದರೆ ಕೆಮ್ಮಿಗೆ, ಸಾರು ಮಾಡಿದರೆ ಅಜೀರ್ಣಕ್ಕೆ, ನಿವಾಳಿಸಿ ಒಲೆಗೆ ಹಾಕಿದರೆ ದೃಷ್ಟಿಗೆ. ತೀರ್ಥಹಳ್ಳಿಯ ನಮ್ಮ ಅತ್ತೆಯಂತೂ ಕಂಪ್ಯೂಟರ್ ನಿಧಾನವಾಗಿದೆ ಎಂದರೂ, "ಒಂದು ನಾಲ್ಕು ಮೆಣಸಿನಕಾಳು ತಗಂಡು..." ಎಂದು ಶುರುಮಾಡುತ್ತಾರೆ.

ಅಂತೂ ಲೋಟ ಬಂತು. ಕೆಮ್ಮು ಕೇಳಿಸಿಕೊಂಡಿದ್ದ ಅಮ್ಮ ಮೆಣಸಿನ ವಿಷಯದಲ್ಲಿ ಕೈ ಬಿಗಿ ಹಿಡಿದಿರಲಿಲ್ಲ. ಒಂದು ಗುಟುಕಿಗೆ ಸಾಹೇಬರ ಕಣ್ಣು ಕೆಂಪಾಯಿತು. ಅವರು ಮೂಗು ಒರೆಸಿಕೊಂಡು, ಲೋಟ ಬರಿದು ಮಾಡಿ, "ಇನ್ನೊಂಚೂರು ಇದ್ಯಾಮ್ಮಾ?" ಎಂದರು. ಹೊರಡುವಾಗ ಪುಡಿಯನ್ನೂ ಕಟ್ಟಿಸಿಕೊಂಡರು. "ಎಲ್ಲೀದ್ರೀ ಈ ಮೆಣಸು?"

"ತುಮರೀದು ಸಾರ್, ನಮ್ಮ ಬ್ಯಾಂಕಿನ ಹಿಂದಿನ ತೋಟದ್ದು. ನಾನೇ ಆರಿಸಿ ತರೋದು. ಈ ಖಾರ ಬೇರೆಲ್ಲೂ ಸಿಗಲ್ಲ" ಎಂದು ಬೀಗಿದೆ.

ಮರುವಾರ ಅವರ ಫೋನು. ಮಾತಿನ ನಡುವೆ ಒಂದು ಕೆಮ್ಮಿಲ್ಲ. "ಹೇಳ್ದೆ ಕೇಳ್ದೆ ಓಡೋಯ್ತು ಕಣ್ರೀ! ಹಾಂ, ನಿಮ್ಮ ಅರ್ಜಿ ನೋಡ್ದೆ. ನೀವು ಸಾಗರಕ್ಕೆ ಬಂದ್ಬಿಟ್ರೆ ಆ ಮೆಣಸು ತರೋರು ಯಾರ್ರೀ? ಅಲ್ಲೇ ಇರಿ."

ಅರ್ಜಿ ಬಿತ್ತು, ಆದರೆ ನಾನು ಹೆದರಿದ್ದ ಕಾರಣಗಳಲ್ಲಿ ಒಂದಕ್ಕೂ ಅಲ್ಲ. ಹೆದರಲು ಮರೆತಿದ್ದ ಒಂದೇ ಒಂದು ಸಣ್ಣ ಸಂಗತಿ ಆಯಿತು: ಕಷಾಯ ಮದ್ದಾಗಿ ನಾಟಿತು.