ಮಾವನ ದೋಣಿಯ ಕಾವಲು

ನಮ್ಮ ಸೋದರಮಾವನ ಮನೆಯಲ್ಲಿ ಅತ್ತೆಗಿಂತ ಹೆಚ್ಚು ಮರ್ಯಾದೆ ಸಿಗುತ್ತಿದ್ದುದು ಒಂದು ಮೋಟಾರಿಗೆ ಎಂದರೆ ನೀವು ನಂಬಲಿಕ್ಕಿಲ್ಲ. ಅತ್ತೆ ಮಾತ್ರ ಆಣೆ ಮಾಡಿ ಹೇಳುತ್ತಿದ್ದರು!

ತೊಂಬತ್ತರ ದಶಕದ ಮಾತು. ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾಗಿ ಹೊಳೆಹೊನ್ನೂರಿಗೆ ಬಂದ ಮಾವ ಒಂದು ಪುಟ್ಟ ದೋಣಿ, ಅದರ ಹಿಂಬದಿಗೆ ಸಿಕ್ಕಿಸುವ ಹಳೆ ಮೋಟಾರು ಕೊಂಡರು. ಕಾರಣ ಅತ್ತೆಯೇ. ಅವರ ಅಕ್ಕ ಇದ್ದದ್ದು ಹೊಳೆಯಾಚೆಯ ಹಳ್ಳಿಯಲ್ಲಿ. ಸೇತುವೆ ಸುತ್ತಿ ಹೋಗೋಣವೆಂದರೆ ಅತ್ತೆಗೆ ಬಸ್ಸಿನ ಹಾರನ್ ಕೇಳಿದರೇ ವಾಂತಿ! ಅಕ್ಕತಂಗಿಯರು ಮುಖ ನೋಡಿ ಮೂರು ವರ್ಷವಾಗಿತ್ತು.

ದೋಣಿ ಬಂದದ್ದೇ ತಡ, ಮಾವನಿಗೆ ಕಂಡವರೆಲ್ಲ ಕಳ್ಳರು. ಅದನ್ನು ದಡದ ಮರಕ್ಕೆ ಸರಪಳಿಯಲ್ಲಿ ಬಿಗಿದು ಮೂರು ಬೀಗ ಜಡಿದರು. ಮೋಟಾರನ್ನು ದಿನಾ ಸೈಕಲ್ ಮೇಲೆ ಮನೆಗೆ ತಂದು, ಅತ್ತೆಯ ಸೀರೆ ಸುತ್ತಿ, ಮಂಚದ ಕೆಳಗೆ ಮಲಗಿಸುತ್ತಿದ್ದರು. ಮನೆತುಂಬ ಪೆಟ್ರೋಲ್ ವಾಸನೆ!

"ಅದನ್ನ ಮೇಲೆ ಮಲಗ್ಸಿ, ನಾನೇ ಕೆಳಗೆ ಮಲಗ್ತೀನಿ," ಎಂದರು ಅತ್ತೆ. ಮಾವ ಒಂದು ಕ್ಷಣ ಯೋಚಿಸಿದರಂತೆ!

"ಅಕ್ಕನ ಊರಿಗೆ ಯಾವಾಗ್ರೀ ಹೋಗೋದು?"

"ಅಲ್ಲಿ ದೋಣಿ ಕಾಯೋರ್ಯಾರು ಮಾರಾಯ್ತಿ?"

ಶಿವಮೊಗ್ಗದಿಂದ ನಾನೊಮ್ಮೆ ಹೋದಾಗ ಹೊಸ ಉಪಾಯ ತಯಾರಾಗಿತ್ತು. ದೋಣಿಯ ಮೂತಿಗೆ ಮೂರೆಳೆ ವಿಭೂತಿ, ಮೇಲೊಂದು ಬಿಲ್ವಪತ್ರೆ. "ಶಿವನ ಸೊತ್ತು ಅಂದ್ರೆ ಯಾವ ಕಳ್ಳನೂ ಮುಟ್ಟಲ್ಲ ಕಣೋ!" ಎಂದರು ಮಾವ.

ಕಳ್ಳ ಮುಟ್ಟಲಿಲ್ಲ, ನಿಜ. ಆದರೆ ಬಟ್ಟೆ ಒಗೆಯಲು ಬಂದ ಹೆಂಗಸರು ಕೈಮುಗಿದರು. ಸೋಮವಾರ ಕಾಯಿ ಒಡೆದರು. ತಿಂಗಳೊಪ್ಪತ್ತಿನಲ್ಲಿ ಅದಕ್ಕೆ ದೋಣೀಶ್ವರ ಎಂಬ ಹೆಸರೂ ಬಂತು! ದೋಣಿ ನೋಡಲು ಹೋದ ಮಾವನನ್ನೇ "ಚಪ್ಪಲಿ ಬಿಟ್ಟು ಬನ್ರೀ ಯಜಮಾನ್ರೇ," ಎಂದು ಗದರಿದರು. ಇನ್ನು ದೇವರ ಮೇಲೆ ಹತ್ತಿ ಕೂರುವುದುಂಟೇ?

ನಾನು ಮತ್ತೊಮ್ಮೆ ಹೋಗಿದ್ದಾಗ ಆಚೆ ದಡದಿಂದ ಸುದ್ದಿ ಬಂತು. ಅಕ್ಕ ಹಾಸಿಗೆ ಹಿಡಿದಿದ್ದಾರೆ, ತಂಗಿಯನ್ನು ನೋಡಬೇಕು ಅನ್ನುತ್ತಿದ್ದಾರೆ. ಅತ್ತೆ ಸೆರಗು ಬಾಯಿಗೊತ್ತಿ ಕುಳಿತರು. ಮಾವ ಮೋಟಾರನ್ನು ಹೆಗಲ ಮೇಲೆ ಹೊತ್ತು ಹೊಳೆಗೆ ಓಡಿದರು. ನಾನು ಅತ್ತೆಯನ್ನು ಕರೆದುಕೊಂಡು ಹಿಂದೆಯೇ ಹೋದೆ.

"ಅಯ್ಯೋ, ದೇವ್ರನ್ನ ಅಲುಗಾಡಿಸ್ಬೇಡಿ!" ಹೆಂಗಸರು ಕೂಗಿದರು.

"ದೇವ್ರೇ ಇವಳನ್ನ ಅಕ್ಕನ ಹತ್ರ ಕರ್ಕೊಂಡು ಹೋಗ್ತಾನೆ, ಸ್ವಲ್ಪ ಸರೀರಮ್ಮ!"

ಆಚೆ ದಡ ಮುಟ್ಟಿದ್ದೇ ಮಾವ ಅತ್ತೆಯ ಕೈಹಿಡಿದು ಬಿರಬಿರನೆ ನಡೆದರು. ಮಂಚದ ಮೇಲೆ ಅಕ್ಕತಂಗಿಯರು ತಬ್ಬಿಕೊಂಡು ಅತ್ತರು, ನಕ್ಕರು, ಮತ್ತೆ ಅತ್ತರು. ಆಗ ನನಗೆ ದೋಣಿಯ ನೆನಪಾಯಿತು.

"ಮಾವ, ದೋಣಿಗೆ ಬೀಗನೇ ಹಾಕಿಲ್ಲ! ಮೋಟಾರೂ ಅಲ್ಲೇ ಇದೆ!"

ಮಾವ ಅವರಿಬ್ಬರ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಹೋದ್ರೆ ಹೋಗ್ಲಿ ಬಿಡೋ. ತಂದಿದ್ದು ಇದಕ್ಕೇ ತಾನೇ," ಎಂದು ಟವೆಲಿನಿಂದ ಕಣ್ಣೊರೆಸಿಕೊಂಡರು.