ಅತ್ತೆಯ ಗಿರಣಿಯೂ ನನ್ನ ವೇಲೂ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವತ್ತು ನಾನು ಹಾಕಿಕೊಂಡಿದ್ದ ವೇಲು ಹಸಿರೋ ನೀಲಿಯೋ, ಅತ್ತೆ ಬೀಸುತ್ತಿದ್ದುದು ಜೋಳವೋ ಗೋಧಿಯೋ, ಈಗ ಖಚಿತವಾಗಿ ಹೇಳಲಾರೆ. ಎಂ.ಎ.ಯಲ್ಲಿ ಇತಿಹಾಸ ಓದಿದವಳು ನಾನು. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬಾರದು ಎಂದು ನಮಗೆ ಮತ್ತೆ ಮತ್ತೆ ಹೇಳಿಕೊಟ್ಟರು. ಆ ಒಬ್ಬ ಸಾಕ್ಷಿ ನಾನೇ ಆದರೆ ಏನು ಮಾಡಬೇಕು ಎಂದು ಮಾತ್ರ ಯಾರೂ ಹೇಳಲಿಲ್ಲ. ಹೀಗಾಗಿ ಡೈರಿ ಬರೆಯಲು ಕೂತರೆ ಒಂದು ಸಾಲು ಬರೆಯುತ್ತೇನೆ, ಎದ್ದು ಹೋಗಿ ಮಿಕ್ಸರಿನ ಪ್ಲಗ್ಗು ಕಿತ್ತಿದೆಯೇ ಎಂದು ನೋಡಿ ಬರುತ್ತೇನೆ, ಇನ್ನೊಂದು ಸಾಲು ಬರೆಯುತ್ತೇನೆ. ಕೂತಲ್ಲಿ ಕೂರುವ ಜಾತಿಯಲ್ಲ ನಾನು.

ಹೂವಿನಹಡಗಲಿಯಲ್ಲಿ ನನ್ನ ಸೋದರತ್ತೆ ಹುಲಿಗೆವ್ವನದೊಂದು ಹಿಟ್ಟಿನ ಗಿರಣಿ ಇದೆ. ನನ್ನ ಕೆಲಸ ಹರಪನಹಳ್ಳಿಯಲ್ಲಿ. ರಜೆ ಸಿಕ್ಕರೆ ಬಸ್ಸು ಹತ್ತಿ ಅವಳ ಮನೆಗೆ ಹೋಗುತ್ತೇನೆ. ಹಿಂದೆ ಮನೆ, ಮುಂದೆ ಗಿರಣಿ. ಮೋಟರಿನಿಂದ ಬೀಸುವ ಕಲ್ಲಿನ ಚಕ್ರಕ್ಕೆ ಅಂಗೈಯಗಲದ ಬೆಲ್ಟು ಓಡುತ್ತಿರುತ್ತದೆ. ಅದರ ಮೇಲೆ ಕಬ್ಬಿಣದ ಜಾಲಿ ಇರಬೇಕು, ಇತ್ತು ಕೂಡ. ಆಯುಧಪೂಜೆಯ ದಿನ ಚಕ್ರಕ್ಕೆ ವಿಭೂತಿ ಹಚ್ಚಿ ಹೂ ಏರಿಸಲೆಂದು ಬಿಚ್ಚಿದವರು ಮತ್ತೆ ಕೂರಿಸಲಿಲ್ಲ. ಯಾವ ವರ್ಷದ ಆಯುಧಪೂಜೆ ಎಂದರೆ ಅತ್ತೆಗೂ ನೆನಪಿಲ್ಲ. ನಾನು ನೋಡುವ ಹೊತ್ತಿಗೆ ಜಾಲಿ ಮಾಳಿಗೆಯ ಮೇಲೆ ಸಂಡಿಗೆ ಒಣಗಿಸುವ ಕೆಲಸಕ್ಕೆ ಸೇರಿ ಕಾಯಂ ಆಗಿತ್ತು. ಬೆಲ್ಟು ಕಾಯುವ ಹೊಣೆಯೆಲ್ಲ ಮೇಲೆ ಕಟ್ಟಿದ್ದ ಒಣಗಿದ ನಿಂಬೆಹಣ್ಣಿನದು.

ಅತ್ತೆ ದಡ್ಡಿಯಲ್ಲ. ವೋಲ್ಟೇಜು ಇಳಿದಾಗ ಬೆಲ್ಟು ಜಾರುತ್ತದೆ. ಆಗ ಒಂದು ತುಂಡು ರಾಳವನ್ನು ಓಡುವ ಬೆಲ್ಟಿಗೆ ಒತ್ತಿ ಹಿಡಿದರೆ ಅಂಟಾಗಿ ಹಿಡಿತ ಬರುತ್ತದೆ. ನಿಲ್ಲಿಸಿ ಒತ್ತೋಣವೆಂದರೆ ಕಲ್ಲಿನೊಳಗೆ ಕಾಳು ತುಂಬಿರುವಾಗ ಮೋಟರು ಮತ್ತೆ ಏಳುವುದಿಲ್ಲ. ಆದ್ದರಿಂದ ಅವಳ ಎಡಗೈ ಕಾಳು ಸುರಿಯುತ್ತದೆ, ಬಲಗೈ ಬೆಲ್ಟಿಗೆ ರಾಳ ಒತ್ತುತ್ತದೆ. ನಾನು ಅವಳ ಸುತ್ತ ಸುತ್ತುತ್ತ ಹೇಳಿದೆ:

"ಅತ್ತೀ, ಒಂದಿನ ಕೈ ಹೋಗತೈತಿ."

"ಎಲ್ಲಿಗಿ ಹೋಗತೈತಿ? ಇಷ್ಟ ವರ್ಷ ನನ್ನ ಬಿಟ್ಟು ಎಲ್ಲಿಗೂ ಹೋಗಿಲ್ಲ ಅದು."

"ಸೆರಗರ ಸಿಕ್ಕಿತಂದ್ರ?"

"ನಿನ್ನ ವೇಲಿನಂಗ ಜೋತು ಬಿಟ್ಟೀನೇನು? ಸೊಂಟಕ್ಕ ಸಿಗಿಸೀನಿ ನೋಡು. ನೀ ಮೊದ್ಲು ಒಂದ್ ಕಡಿ ಕುಂದ್ರು ತಾಯಿ. ಮಷೀನು ಕಡಿಮಿ, ನೀನ ಹೆಚ್ಚು ತಿರಗಾಕಹತ್ತಿ."

ಓದಿದವರಿಗೆ ಏನೂ ತೋಚದಿದ್ದಾಗ ಬೋರ್ಡು ಬರೆಯುತ್ತಾರೆ. ನಾನೂ ಒಂದು ರಟ್ಟಿನ ಮೇಲೆ ‘ಎಚ್ಚರಿಕೆ’ ಎಂದು ದಪ್ಪಗೆ ಬರೆದು, ಕೆಳಗೆ ‘ಯಂತ್ರವು ಚಾಲನೆಯಲ್ಲಿರುವಾಗ ಸಮೀಪಿಸತಕ್ಕದ್ದಲ್ಲ. ಸಡಿಲ ಉಡುಪು ಅಪಾಯಕಾರಿ’ ಎಂದು ಸೇರಿಸಿದೆ. ಜಾಗ ಸಾಲದೆ ಕೊನೆಕೊನೆಗೆ ಅಕ್ಷರಗಳು ಇರುವೆಯಷ್ಟಾದವು. ಅಪಾಯ ಎಲ್ಲಿದೆಯೋ ಅಲ್ಲೇ ಇರಲಿ ಎಂದು ಬೆಲ್ಟಿನ ಹಿಂದಿನ ಗೋಡೆಗೆ ತೂಗುಹಾಕಿದೆ. ಅಲ್ಲಿಯವರೆಗೆ ಬಾಗಿಲ ಬಳಿಯೇ ನಿಲ್ಲುತ್ತಿದ್ದ ಹೆಂಗಸರು ಕಾಳಿನ ಡಬ್ಬಿ ಕೆಳಗಿಟ್ಟು ಬೋರ್ಡು ಓದಲು ಒಳಗೆ ಬರತೊಡಗಿದರು. ಮಾಗಳದಿಂದ ಬಂದಿದ್ದ ಒಬ್ಬಾಕೆಯಂತೂ, "ಸಮೀಪಿಸ... ಮುಂದ ಏನ್ರೀ ಅದು, ಕಾಣವಲ್ದು," ಎನ್ನುತ್ತ ಬೆಲ್ಟಿನ ಮೇಲೆಯೇ ಬಗ್ಗಿದಳು.

ನಾನು ಓಡಿಹೋಗಿ ಅವಳನ್ನು ಹಿಂದಕ್ಕೆ ಸರಿಸಿ, ಬೋರ್ಡು ಕಿತ್ತುಬಿಡೋಣವೆಂದು ಕೈ ಚಾಚಿದೆ. ಮಷೀನು ಓಡುತ್ತಲೇ ಇತ್ತು. ‘ಸಡಿಲ ಉಡುಪು’ ಎಂಬ ಸಾಲು ಕೈಗೆ ಸಿಗುವಷ್ಟರಲ್ಲಿ ನನ್ನ ವೇಲಿನ ತುದಿ ಬೆಲ್ಟಿನ ಜೊತೆ ಹೊರಟಿತ್ತು.

ಮುಂದಿನದು ತುಂಡು ತುಂಡಾಗಿ ನೆನಪಿದೆ. ಹೆಗಲಿಗೊಂದು ಜಗ್ಗು. ಅತ್ತೆಯ ಕೈ ನನ್ನ ರಟ್ಟೆಯ ಮೇಲೆ. ಬಸ್ಸಿನ ಅವಸರದಲ್ಲಿ ಪಿನ್ನು ಹಾಕದೆ ಬಂದಿದ್ದೆ. ವೇಲು ಹೆಗಲಿನಿಂದ ಜಾರಿ, ಚಕ್ರಕ್ಕೆ ಸುತ್ತಿ, ಹರಿದು ಚಿಂದಿಯಾಯಿತು. ಅತ್ತೆ ಸ್ವಿಚ್ಚು ಒತ್ತಿದಳು. ಮಷೀನು ನಿಂತಿತು. ಅತ್ತೆ ಹಿಟ್ಟು ಚೆಲ್ಲಿದ ನೆಲದ ಮೇಲೆ ಹಾಗೇ ಕೂತುಬಿಟ್ಟಳು.

"ಪಿನ್ ಹಾಕಿದ್ದಿ ಅಂದ್ರ ನಿಮ್ಮಪ್ಪಗ ಏನಂತ ಹೇಳಬೇಕಿತ್ತಲೇ ನಾನು?"

ನಾನು ಜೀವಮಾನದಲ್ಲಿ ಮೊದಲ ಸಲ ನಿಂತಲ್ಲಿ ನಿಂತಿದ್ದೆ. ಮಾಗಳದಾಕೆ ಮೆಲ್ಲಗೆ, "ಇವತ್ತು ಹಿಟ್ಟು ಆಗಂಗಿಲ್ಲೇನ್ರೀ?" ಎಂದಳು. "ಆಗಂಗಿಲ್ಲ. ನಾಳಿಗಿ ಬಾರವ್ವ," ಎಂದಳು ಅತ್ತೆ. ಡಬ್ಬಿ ತಂದವರನ್ನು ಅವಳು ಹಾಗೆ ವಾಪಸು ಕಳಿಸಿದ್ದನ್ನು ನಾನು ಕಂಡಿದ್ದಿಲ್ಲ.

ಮರುದಿನ ಮೆಕ್ಯಾನಿಕ್ ಖಾಜಾ ಬಂದ. ಮೋಟರಿನ ಬುಡದ ಬೋಲ್ಟು ಸಡಿಲಿಸಿ, ಮೋಟರನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಬಿಗಿದ. ಬೆಲ್ಟು ಗಟ್ಟಿಯಾಗಿ ಕೂತಿತು. "ಇನ್ನ ಜಾರಂಗಿಲ್ರೀ ಅವ್ವಾರ, ರಾಳ ಬ್ಯಾಡ. ಸ್ವಿಚ್ಚೂ ಈ ಕಡಿ ತರ್ತೀನಿ, ನಿಂತಲ್ಲೇ ಕೈಗೆ ಸಿಗಬೇಕು. ಇಲ್ಲಿ ಮಾತ್ರ ಕೈ ತರಬ್ಯಾಡ್ರಿ," ಎಂದು ಬೆರಳು ಮಾಡಿ ತೋರಿಸಿದ. ಆ ಬೆರಳು ಅರ್ಧವೇ ಇತ್ತು. ಅತ್ತೆ ಅದನ್ನೇ ನೋಡುತ್ತ ಭಕ್ತಿಯಿಂದ ತಲೆಯಾಡಿಸಿದಳು. ನನ್ನ ಬೋರ್ಡಿಗೆ ಸಿಗದ ಮರ್ಯಾದೆ ಅದಕ್ಕೆ ಸಿಕ್ಕಿತು. ಹೊರಗೆ ಬಂದಾಗ, ಯಾವ ಮಷೀನಿಗೆ ಹೋಯಿತೆಂದು ಕೇಳಿದೆ.

"ಮಷೀನಲ್ರೀ ಅಕ್ಕಾ. ತಮ್ಮನ ಮದಿವ್ಯಾಗ ಜೀಪಿನ ಬಾಗಲಾಗ ಸಿಕ್ಕಿದ್ದು."

"ಅತ್ತಿ ಮುಂದ ಹೇಳಬ್ಯಾಡ್ರಿ," ಎಂದೆ.

ಜಾಲಿಯ ಕಾಲೊಂದು ಮುರಿದಿತ್ತು. ವೆಲ್ಡಿಂಗ್ ಮಾಡಿಸಿ ಸಂಜೆ ಕೂರಿಸುತ್ತೇನೆಂದು ಅವನು ಅದನ್ನು ಒಯ್ದ. ಒಂದು ಜೀವ ಉಳಿಸಿದ ಗತ್ತಿನಲ್ಲಿ ನಾನು ಹರಪನಹಳ್ಳಿ ಬಸ್ಸು ಹತ್ತಿದೆ. ಉಳಿದದ್ದು ನನ್ನದೇ ಜೀವ ಎಂಬುದು ಅರ್ಧ ದಾರಿ ಕಳೆದ ಮೇಲೆ ಹೊಳೆಯಿತು.

ಮುಂದಿನ ರಜೆಗೆ ಹೋದಾಗ ಜಾಲಿ ಹಸಿರು ಬಣ್ಣ ಬಳಿದುಕೊಂಡು ಬೆಲ್ಟಿನ ಮೇಲೆ ಕೂತಿತ್ತು. ನೋಡಿ ಕಣ್ಣು ತಂಪಾಯಿತು. ಹತ್ತಿರ ಹೋದೆ. ಜಾಲಿಯ ನಟ್ಟನಡುವೆ ಒಂದು ಕಿಂಡಿ. ಅಂಚು ತರಚದಂತೆ ಅರದಿಂದ ನಯವಾಗಿ ಉಜ್ಜಿಸಿದ, ರಾಳ ಹಿಡಿದ ಕೈಯೊಂದು ಸಲೀಸಾಗಿ ಹೋಗಿಬರುವಂಥ ಕಿಂಡಿ. ಖಾಜಾ ತಾನಾಗಿ ಕೊರೆಯುವವನಲ್ಲ. ನನಗೆ ತಡೆಯಲಾಗಲಿಲ್ಲ. ಎಷ್ಟಗಲವಿದೆ ನೋಡೋಣವೆಂದು ಕೈ ತೂರಿಸಿದೆ. ಬಳೆಯ ಸಮೇತ ಮುಂಗೈವರೆಗೆ ಹೋಯಿತು. ತೂರಿಸುವ ಮೊದಲು ಮಷೀನು ನಿಂತಿದೆಯೇ ಎಂದು ನೋಡಿದೆನೇ? ನೋಡಿರಬೇಕು. ತಲೆಯೆತ್ತಿದರೆ ಅತ್ತೆ ಹೊಸ ಸ್ವಿಚ್ಚನ್ನು ಅಂಗೈಯಿಂದ ಮುಚ್ಚಿ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಅತ್ತೀ," ಎಂದು ಕೇಳಿದೆ, ಕೈ ಹೊರಗೆ ತೆಗೆಯುತ್ತ, "ಈ ಕಿಂಡಿ ನಿನ್ನ ಕೈ ಅಳತಿಗಿ ಕೊರಸೀಯೋ, ನನ್ನ ಕೈ ಅಳತಿಗ್ಯೋ?"

ನನ್ನ ಕೈ ಪೂರ್ತಿ ಹೊರಗೆ ಬಂದ ಮೇಲೆಯೇ ಅವಳು ಸ್ವಿಚ್ಚಿನಿಂದ ಅಂಗೈ ತೆಗೆದಳು.