ಮೂರು ಬಾಣ, ಒಂದೇ ಜಾಗ

ನನ್ನ ಹೆಂಡತಿಯನ್ನು ಬಿಲ್ಲುಗಾರಿಕೆಯಲ್ಲಿ ಚಾಂಪಿಯನ್ ಮಾಡಿಯೇ ತೀರುತ್ತೇನೆ ಎಂದು ನಾನು ಪಣ ತೊಟ್ಟಾಗ, ಅವಳು ಬಿಲ್ಲು ಹಿಡಿದು ಆಗಲೇ ವರ್ಷಗಳಾಗಿದ್ದವು. ಮುಕ್ಕಾಲು ಪಾಲು ಕೆಲಸ ಅವಳೇ ಮುಗಿಸಿದ್ದಳು, ನಿಜ. ಆದರೂ ಸಾಧಕಿಗೊಬ್ಬ ಮಾರ್ಗದರ್ಶಕ ಬೇಡವೇ?

"ಇನ್ಮೇಲೆ ನಿನ್ನ ಏಕಾಗ್ರತೆಯ ಜವಾಬ್ದಾರಿ ನನ್ನದು," ಎಂದು ಘೋಷಿಸಿದೆ.

"ಮೊದ್ಲು ಹೋಗಿ ಗೀಸರ್ ಆಫ್ ಮಾಡಿ. ನೀವು ಸ್ನಾನ ಮಾಡಿ ಬಂದಾಗಿನಿಂದ ಉರೀತಾನೇ ಇದೆ," ಎಂದಳು.

ಅವಳು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಬೇರೆಯವರು ನಾಲ್ಕು ಕಡೆ ಚುಚ್ಚಿ ಕೈಚೆಲ್ಲಿದ ನರ ಇವಳ ಸೂಜಿಗೆ ಒಂದೇ ಸಲಕ್ಕೆ ಸಿಗುತ್ತದೆ. ನಾನೋ, ಕಚೇರಿಯಲ್ಲಿ ಫೈಲು ತರಲೆಂದು ಎದ್ದು, ದಾರಿಯಲ್ಲಿ ಕಾಫಿ ಕುಡಿದು, ಯಾರದೋ ಬೀಳ್ಕೊಡುಗೆಯಲ್ಲಿ ಭಾಷಣ ಮಾಡಿ, ಬರಿಗೈಯಲ್ಲಿ ವಾಪಸು ಬರುವವನು. ಏಕಾಗ್ರತೆ ಕಲಿಸಲು ಇಷ್ಟು ಅನುಭವ ಸಾಲದೇ?

ಅವಳ ಅಭ್ಯಾಸ ಕಂಡು ಮೊದಮೊದಲು ನನಗೆ ಕನಿಕರವಾಗುತ್ತಿತ್ತು. ಮೈದಾನದಲ್ಲಿ ಉಳಿದವರು ದೂರದ ಗುರಿಗೆ ಬಾಣ ಬಿಟ್ಟು ಕೇಕೆ ಹಾಕುತ್ತಿದ್ದರೆ, ಇವಳು ಹುಲ್ಲಿನ ದಿಂಡಿನ ಎದುರೇ ನಿಂತು, ಕಣ್ಣು ಮುಚ್ಚಿಕೊಂಡು ಬಾಣ ಬಿಡುತ್ತಿದ್ದಳು. ದಿಂಡಿನ ಮೇಲೆ ಗುರಿಯ ಕಾಗದವೂ ಇರುತ್ತಿರಲಿಲ್ಲ.

"ಇಷ್ಟು ಹತ್ತಿರದಿಂದ ಆದ್ರೆ ನಾನೂ ಹೊಡೀತೀನಿ ಕಣೇ."

"ಹೊಡೀತೀರಿ. ಆದ್ರೆ ನಾನು ಹೊಡೀತಿಲ್ಲ."

"ಮತ್ತೇನು ಮಾಡ್ತಿದೀಯ?"

"ಗುರಿ ಕಂಡ್ರೆ ಮನಸ್ಸು ಅಲ್ಲಿಗೆ ಓಡಿಬಿಡುತ್ತೆ. ಕಣ್ಣು ಮುಚ್ಚಿದ್ರೆ ಭುಜ ಏನ್ಮಾಡ್ತಿದೆ, ಬೆರಳು ಹೇಗೆ ಬಿಡ್ತು, ಅಷ್ಟೇ ಗೊತ್ತಾಗುತ್ತೆ."

ಬಿಟ್ಟ ಬಾಣದ ಹಿಂದೆ ಅವಳ ಮನಸ್ಸು ಹೋಗುತ್ತಿರಲಿಲ್ಲ. ಕೆಟ್ಟದಾಗಿ ಬಿದ್ದರೆ ಒಂದು ಉಸಿರು. ಚೆನ್ನಾಗಿ ಬಿದ್ದರೂ ಅದೇ ಒಂದು ಉಸಿರು. ಕೈತಪ್ಪಿದ ಬಡ್ತಿಯನ್ನು ಇವತ್ತಿಗೂ ಹಲ್ಲುಜ್ಜುವಾಗ ನೆನೆದು ಕನ್ನಡಿಯ ಜೊತೆ ಜಗಳವಾಡುವ ನನಗೆ ಇದು ಪವಾಡದಂತೆ ಕಾಣುತ್ತಿತ್ತು.

ಭಾನುವಾರ ತಂಡದ ಆಯ್ಕೆ. ಇರುವುದು ನಾಲ್ಕೇ ಸ್ಥಾನ, ಬರುವವರೆಲ್ಲ ಅವಳ ಅರ್ಧ ವಯಸ್ಸಿನವರು. "ಈ ಸಲ ಆಗ್ಲಿಲ್ಲ ಅಂದ್ರೆ ಮುಂದಿನ ವರ್ಷ ಭುಜ ನನ್ನ ಮಾತು ಕೇಳಲ್ಲ ರೀ," ಎಂದಿದ್ದಳು. ಅವಳು ಹಾಗೆಲ್ಲ ಮಾತಾಡುವವಳಲ್ಲ. ಅದಕ್ಕೇ ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು.

ಶನಿವಾರ ಅವಳು ಲ್ಯಾಬಿಗೆ ಹೋದ ಮೇಲೆ ಎದೆಯಲ್ಲಿ ಕೂತದ್ದು ಎದ್ದು ನಿಂತಿತು. ಚಾಂಪಿಯನ್ ಆಗುವವಳ ಬಿಲ್ಲು ಫಳಫಳ ಹೊಳೆಯಬೇಡವೇ? ಪೆಟ್ಟಿಗೆ ತೆರೆದೆ. ಗಾಜು ಒರೆಸುವ ನೀಲಿ ನೀರು, ನನ್ನ ಹಳೆಯ ಬನಿಯನ್ನು ತಂದು ಕೂತೆ. ಬಿಲ್ಲಿನ ಮೇಲ್ಭಾಗದಲ್ಲಿ ಗುರಿ ನೋಡಲು ಒಂದು ಪುಟ್ಟ ಉಂಗುರವಿರುತ್ತದೆ. ಅದು ಕೂತ ಪಟ್ಟಿಯ ಮೇಲೆ ಪೆನ್ನಿನ ಒಂದು ಕಲೆ ಕಂಡಿತು. ಉಜ್ಜಿದೆ, ಹೋಗಲಿಲ್ಲ. ಸೋಲೊಪ್ಪುವ ಜಾಯಮಾನ ನನ್ನದಲ್ಲ. ಮಂಡಿಯೂರಿ ಉಜ್ಜಿದೆ. ಕಲೆ ಹೋಯಿತು; ಜೊತೆಗೆ ಸ್ಕ್ರೂ ಸಡಿಲಾಗಿ ಉಂಗುರ ಸರ್ರನೆ ಜಾರಿತು.

ಆಗ ಹೊಳೆಯಿತು. ಅದು ಕಲೆಯಲ್ಲ. ಉಂಗುರ ಎಲ್ಲಿ ನಿಂತರೆ ಬಾಣ ನಡುಮಧ್ಯಕ್ಕೆ ಹೋಗುತ್ತದೆಂದು ಅವಳು ತಿಂಗಳುಗಟ್ಟಲೆ ಬೆವರು ಹರಿಸಿ ಹಾಕಿಕೊಂಡ ಗುರುತು!

ಸೋಫಾದಲ್ಲಿ ಅತ್ತೆ ಕೂತಿದ್ದರು. "ಅತ್ತೆ, ಈ ಉಂಗುರ ಎಲ್ಲಿತ್ತು, ನೋಡಿದ್ರಾ?"

"ನಾನೇನೂ ನೋಡಿಲ್ಲ ಅಳಿಯಂದ್ರೇ," ಎಂದರು ಟೀವಿಯಿಂದ ಕಣ್ಣು ತೆಗೆಯದೆ. "ಅವಳು ಕೇಳಿದ್ರೆ ಮಾತ್ರ ಎಲ್ಲಾ ನೋಡಿರ್ತೀನಿ."

ಮೊಬೈಲಿನಲ್ಲಿ ಹಳೆಯ ಫೋಟೋ ಹುಡುಕಿದೆ. ಅವಳು ಬಿಲ್ಲೆತ್ತಿದ ಪ್ರತಿಯೊಂದು ಫೋಟೋದಲ್ಲೂ, ಉಂಗುರ ಕಾಣಬೇಕಾದ ಕಡೆ, ಅಡ್ಡ ಬಂದು ಹಲ್ಲು ಕಿರಿಯುತ್ತಿದ್ದ ನನ್ನದೇ ಮುಖ. ಕೊನೆಗೆ ಅಂದಾಜಿನ ಮೇಲೆ ಉಂಗುರ ಕೂರಿಸಿ ಸ್ಕ್ರೂ ಬಿಗಿದೆ.

ಸಂಜೆ ಧೈರ್ಯ ಮಾಡಿದೆ. "ಒಂದ್ ವಿಷಯ ಹೇಳ್ಬೇಕಿತ್ತು ಕಣೇ. ಆ ಬಿಲ್ಲು..."

"ಇವತ್ತು ಬಿಲ್ಲಿನ ಮಾತೇ ಬೇಡ ರೀ. ಆಯ್ಕೆಯ ಹಿಂದಿನ ದಿನ ನಾನು ಅದನ್ನ ಯೋಚಿಸೋದೇ ಇಲ್ಲ."

ಇಂಥ ವಿಧೇಯ ಗಂಡ ಯಾರಿಗೆ ಸಿಕ್ಕಾನು? ತಕ್ಷಣ ಬಾಯಿಗೆ ಬೀಗ ಹಾಕಿಕೊಂಡೆ.

ಭಾನುವಾರ ಕಾರು ಓಡಿಸಿದವನು ನಾನೇ. ಮೈದಾನಕ್ಕೆ ಒಂದು ಹತ್ತಿರದ ದಾರಿ ನನಗೆ ಗೊತ್ತಿತ್ತು. ಆ ದಾರಿಗೆ ಮಾತ್ರ ಮೈದಾನ ಗೊತ್ತಿರಲಿಲ್ಲ. ತಲುಪುವ ಹೊತ್ತಿಗೆ, ಬಿಲ್ಲು ಸರಿಯಿದೆಯೇ ಎಂದು ನೋಡಿಕೊಳ್ಳಲು ಕೊಡುವ ಪರೀಕ್ಷೆಯ ಬಾಣಗಳೆಲ್ಲ ಮುಗಿದಿದ್ದವು. ಇನ್ನು ಬಿಡುವುದೆಲ್ಲ ಲೆಕ್ಕಕ್ಕೆ. ಅವಳು ಗಡಿಬಿಡಿಯಲ್ಲಿ ಬಿಲ್ಲು ಜೋಡಿಸಿ ಗೆರೆಯ ಮೇಲೆ ಹೋಗಿ ನಿಂತಳು.

ಮೊದಲ ಬಾಣ ಎಡಗಡೆ, ಕೆಳಗೆ, ನಡುವಿನ ಹಳದಿಯಿಂದ ದೂರದ ಕಪ್ಪು ವೃತ್ತದಲ್ಲಿ ನಾಟಿತು. ಪಕ್ಕದಲ್ಲಿ ಅವಳ ತರಬೇತುದಾರರು ದುರ್ಬೀನು ಹಿಡಿದು ನಿಂತಿದ್ದರು.

"ಗಾಳಿ ಜಾಸ್ತಿ ಅಲ್ವಾ ಸರ್?" ಎಂದೆ.

"ಎಲೆ ಅಲ್ಲಾಡ್ತಿಲ್ಲ."

ಎರಡನೆಯದು ಮೊದಲಿನದರ ಮಗ್ಗುಲಿಗೇ ಹೋಗಿ ಕೂತಿತು. ಹೆಂಡತಿ ಒಂದು ಬಾಣವನ್ನಾದರೂ ಅಡ್ಡಾದಿಡ್ಡಿ ಬಿಡಲಿ ಎಂದು ಜೀವನದಲ್ಲಿ ಮೊದಲ ಬಾರಿಗೆ ಬೇಡಿಕೊಂಡೆ. ಬಾಣಗಳು ಚದುರಿದರೆ ತಪ್ಪು ಕೈಯದು, ನಾನು ಬಚಾವು. ಮೂರನೆಯದು ಮೊದಲೆರಡರ ನಡುವೆ, ಜಾಗ ಕಾದಿರಿಸಿದ ಹಾಗೆ, ಹೋಗಿ ನಿಂತಿತು. ಮೂರನ್ನೂ ಒಂದೇ ಅಂಗೈಯಲ್ಲಿ ಮುಚ್ಚಬಹುದಿತ್ತು.

ತರಬೇತುದಾರರು ದುರ್ಬೀನು ಇಳಿಸಿದರು. "ಮೇಡಂ ಕೈ ಚಿನ್ನ. ಮೂರೂ ಒಂದೇ ಜಾಗಕ್ಕೆ ಬಿದ್ದಿದೆ ಅಂದ್ರೆ ಬಿಲ್ಲನ್ನ ಯಾರೋ ಮುಟ್ಟಿದಾರೆ."

ಅವಳ ಕೌಶಲವೇ ನನ್ನ ಮೇಲೆ ಸಾಕ್ಷಿ ನುಡಿಯುತ್ತಿತ್ತು.

ಅವಳು ತಿರುಗಿ ನೋಡಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಳುತ್ತಿದ್ದರು, ಇಲ್ಲವೇ ಆ ಬಿಲ್ಲು ನನ್ನ ಕಡೆ ತಿರುಗುತ್ತಿತ್ತು. ಅವಳು ಉಂಗುರ ನೋಡಿದಳು, ಕಪ್ಪು ವೃತ್ತ ನೋಡಿದಳು, ಹೆಬ್ಬೆರಳಿನಿಂದ ಸ್ಕ್ರೂ ತಿರುಗಿಸಿದಳು. ಒಂದು ಉಸಿರು. ಮತ್ತೆ ಅದೇ ಪಾದ, ಅದೇ ಭುಜ. ಮುಂದಿನ ಬಾಣ ಕೆಂಪಿಗೆ. ಇನ್ನೊಂಚೂರು ತಿರುಗಿಸಿದಳು. ಅದರ ಮುಂದಿನದು ಹಳದಿಗೆ. ಆಮೇಲೆ ಹಳದಿ, ಹಳದಿ. ಕಳೆದುಹೋದ ಮೂರು ಬಾಣಗಳ ನೆರಳು ಅವಳ ಮುಖದ ಮೇಲೆ ಬೀಳಲೇ ಇಲ್ಲ. ನಾನು ಅಪರಾಧಿಯೆಂಬುದನ್ನು ಮರೆತು ಬಾಯಿ ತೆರೆದುಕೊಂಡು ನೋಡುತ್ತ ನಿಂತೆ.

ನಾಲ್ಕನೆಯ ಸ್ಥಾನ ಅವಳಿಗೆ ಸಿಕ್ಕಿತು, ಕೂದಲೆಳೆಯ ಅಂತರದಲ್ಲಿ.

ತರಬೇತುದಾರರು ಓಡಿಹೋಗಿ ಕೈಕುಲುಕಿದರು. "ಅಂಥಾ ಹೊತ್ತಲ್ಲಿ ಅಷ್ಟು ಸಮಾಧಾನ ಹೇಗೆ ಬಂತು ಮೇಡಂ? ಅದನ್ನ ನಾನು ಕಲಿಸಿಲ್ಲ."

ಅವಳು ಮೊದಲ ಬಾರಿಗೆ ನನ್ನತ್ತ ನೋಡಿದಳು. "ಮನೇಲಿ ದಿನಾ ಅಭ್ಯಾಸ ಆಗುತ್ತೆ ಸರ್. ಅದಕ್ಕೇ ಅಂತ ಒಬ್ಬರು ಇದಾರೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ವಿಷಯ ಅರ್ಥವಾಯಿತು. "ಇವರನ್ನ ಶನಿವಾರ ಶನಿವಾರ ಇಲ್ಲಿಗೆ ಕಳಿಸಿಕೊಡ್ತೀರಾ?"

ಈಗ ಪ್ರತಿ ಶನಿವಾರ ಮೈದಾನದಲ್ಲಿ ನನಗೆ ಅಧಿಕೃತ ಹುದ್ದೆ. ಹೊಸಬರು ಬಿಲ್ಲೆತ್ತಿದಾಗ ಪಕ್ಕದಲ್ಲಿ ನಿಂತು ಸಲಹೆ ಕೊಡುವುದು ನನ್ನ ಕೆಲಸ. ಮೊದಮೊದಲು ನಾನು ಬಾಯಿ ತೆರೆದರೆ ಸಾಕು, ಅವರ ಬಾಣ ಬೇಲಿಯಾಚೆ ಹೋಗುತ್ತಿತ್ತು. ಈಗ ಎಷ್ಟು ಹೊತ್ತು ಮಾತಾಡಿದರೂ ಒಬ್ಬರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ತರಬೇತಿ ಸಂಪೂರ್ಣ ಯಶಸ್ವಿಯಾಗಿದೆ ಎನ್ನುತ್ತಾರೆ ತರಬೇತುದಾರರು.